ಏಳನೇ ಕುರ್ಚಿ

ಗುರುವಾರ, ಸ್ಕೂಲ್ ಬಸ್ಸಿಗೆ ಡೀಸೆಲ್ ತುಂಬಿಸುವಾಗ
ಪಂಪಿನ ನೆತ್ತಿಯ ಪುಟ್ಟ ಟೀವಿ ಹೇಳಿತು:
ಅಧ್ಯಕ್ಷರು ಸಹಿ ಹಾಕಿದರಂತೆ,
ಗ್ರಾಂಟ್ ಹ್ಯಾವರ್‌ಕ್ಯಾಂಪ್ ನಾಳೆಯೇ ಮನೆಗೆ.
ಬೆನ್ನಿಗೇ ಕಾಫಿಯ ಜಾಹೀರಾತು, ಒಂದು ಕೊಂಡರೆ ಇನ್ನೊಂದು ಬಿಟ್ಟಿ.
ಅಂಕಿ ಓಡುವುದು ನಿಂತು ಎಷ್ಟು ಹೊತ್ತಾಗಿತ್ತೋ,
ನಾನು ನಳಿಕೆ ಹಿಡಿದೇ ಇದ್ದೆ.

ಟೊಲೀಡೋದ ಕೋರ್ಟಿನಲ್ಲಿ ಒಂಬತ್ತು ವಾರ
ನಾನು ಏಳನೇ ನಂಬರು. ಹೆಸರಿಲ್ಲ.
ದಿನಕ್ಕೆ ಐವತ್ತು ಡಾಲರು, ಅದರಲ್ಲಿ ಊಟಕ್ಕೆ ಹನ್ನೆರಡು.
ನೂರಾ ಹದಿನಾಲ್ಕನೇ ಸಾಕ್ಷ್ಯ ಪ್ಲಾಸ್ಟಿಕ್ ಚೀಲದಲ್ಲಿ
ಕೈಯಿಂದ ಕೈಗೆ ದಾಟಿ ಬಂತು:
ಕಿತ್ತು ಹೊಸದು ಹಾಕಿದ್ದೇವೆಂದು ಬಿಲ್ಲು ಬರೆದು
ಮಣ್ಣಲ್ಲೇ ಬಿಟ್ಟಿದ್ದ ಸೀಸದ ಕೊಳವೆ, ಗೇಣುದ್ದ.
ಅಷ್ಟಕ್ಕೇ ಎಂಥಾ ಭಾರ!
ಅದರ ನೀರು ಕುಡಿದ ಊರು ನಮ್ಮದಲ್ಲ, ನಲವತ್ತು ಮೈಲಿ ಆಚೆ;
ನಮ್ಮದಾಗಿದ್ದರೆ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸುತ್ತಿದ್ದರೇ?
ಆದರೂ ಮಕ್ಕಳು ಮಕ್ಕಳೇ. ದಿನವೂ ಎರಡು ಹೊತ್ತು
ಅವರನ್ನು ಹೊತ್ತು ತಿರುಗುವವಳು ನಾನು.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಮೂರು ದಿನ
ಆರ್ವಿಲ್ ಟಿಬೆಟ್ಸ್ ಒಬ್ಬನೇ ಒಪ್ಪಲಿಲ್ಲ.
ಬೀಗ ರಿಪೇರಿ ಮಾಡಿ ಬದುಕಿದ ಮುದುಕ.
"ತಪ್ಪಿಲ್ಲ ಅಂತಲ್ಲಮ್ಮ," ಅಂದ,
"ಇವನು ದೊಡ್ಡವರ ಚುನಾವಣೆಗೆ ದುಡ್ಡು ಎತ್ತಿಕೊಟ್ಟವನು.
ಬೀಗ ಜಡಿಯುವುದು ನಾವು,
ಬೀಗದ ಕೈ ಇರುವುದು ಅವರ ಜೇಬಲ್ಲಿ."
ನಾಲ್ಕನೇ ದಿನ ಯಾಕೋ ಕೈ ಎತ್ತಿದ.
ಎತ್ತಿದ್ದು ಬಲಗೈ, ನಡುಗುತ್ತಿತ್ತು,
ಎಡಗೈಯಿಂದ ಅದನ್ನು ಹಿಡಿದುಕೊಂಡಿದ್ದ.
ಹನ್ನೊಂದು ಆರೋಪ. ಹನ್ನೊಂದು ಸಲ
ನಮ್ಮ ಮುಂದಾಳು ಒಂದೇ ಮಾತು ಓದಿದಳು,
ಕೊನೆಕೊನೆಗೆ ಅವಳ ಗಂಟಲು ಒಣಗಿ
ಯಾರೋ ನೀರು ಕೊಟ್ಟರು.

ಕ್ಷಮಾದಾನ ಅನ್ನುತ್ತಾರೆ.
ದಾನ ಅಂದಮೇಲೆ ಕೊಡುವವನ ಗಂಟೇನಾದರೂ ಕರಗಬೇಡವೇ?
ಯಾರದೋ ಮನೆಯ ನಲ್ಲಿ, ಯಾರದೋ ಕೂಸಿನ ರಕ್ತ,
ಮೂರಕ್ಕೆ ಮೂರು ಕೂಡಿಸಲಾರದೆ ಬೆರಳು ನೋಡುತ್ತ ಕೂತ
ಯಾವುದೋ ಹುಡುಗ;
ಅವನನ್ನು ಕೇಳಿದರೇ?
ನಾನೂ ಕೇಳಿರಲಿಲ್ಲ ಅನ್ನಿ. ಚೀಲ ಮುಂದಕ್ಕೆ ದಾಟಿಸಿದೆ.

ಹ್ಯಾವರ್‌ಕ್ಯಾಂಪನ ಮಗಳು ಪತ್ರಿಕೆಯವರ ಕಾಟಕ್ಕೆ
ಹೋದ ವರ್ಷ ಮನೆ ಬದಲಿಸಿ ಬಂದದ್ದು
ನನ್ನದೇ ದಾರಿಗೆ, ಒಂಬತ್ತನೇ ಸ್ಟಾಪಿಗೆ.
ಬ್ರಿನ್, ಎರಡನೇ ಕ್ಲಾಸು, ಮುಂದಿನೆರಡು ಹಲ್ಲಿಲ್ಲ.
ಸೋಮವಾರ ಅವಳ ಕೈ ಹಿಡಿದು ನಿಂತಿದ್ದವನು ಅವನು.
ಇಳಿದುಹೋಗಿದ್ದಾನೆ, ಕೋಟು ಹ್ಯಾಂಗರಿಗೆ ತೂಗಿದಂತಿದೆ.
ಕೆಂಪು ದೀಪ ಹತ್ತಿಸಿದೆ, ತಡೆ ಚಾಚಿದೆ,
ಎರಡೂ ಕಡೆ ಕಾರುಗಳು ತೆಪ್ಪಗೆ ನಿಂತವು.
ಮಗು ಹತ್ತಿತು. ನೀರಿನ ಬಾಟಲಿ ಮರೆತಿತ್ತು;
ಕೊಡಲು ಅವನೂ ಒಂದು ಮೆಟ್ಟಿಲು ಹತ್ತಿದ,
ನನ್ನ ಮುಖ ನೋಡಿದ. ನೋಡಿಯೇ ನೋಡಿದ.

"ಎರಡನೇ ಸಾಲು. ನೀಲಿ ಸ್ವೆಟರು," ಅಂದ.
ಹಸಿರು ಅದು. ತಿದ್ದಲಿಲ್ಲ.
"ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ.
ಜೈಲಿನಲ್ಲಿ ತುಂಬಾ ಪ್ರಾರ್ಥನೆ ಮಾಡಿದೆ.
ನಿಮ್ಮನ್ನೆಲ್ಲ ಕ್ಷಮಿಸಿಬಿಟ್ಟಿದ್ದೇನೆ."

ಹಿಂದಿನ ಸೀಟಿನಲ್ಲಿ ಯಾರೋ ಚಿಪ್ಸ್ ಪೊಟ್ಟಣ ಹರಿದರು.
ಒಂಬತ್ತು ವಾರ ಬಾಯಿ ಬಿಡಕೂಡದೆಂದು
ಆಣೆ ಹಾಕಿಸಿಕೊಂಡ ನಾಲಿಗೆ
ಹೊರಳಿದ್ದು ಇಷ್ಟು:
"ಕೆಳಗಿಳಿಯಿರಿ ಸಾರ್, ಬಾಗಿಲು ಹಾಕಬೇಕು."

ಇಳಿದ. ಬಾಗಿಲು ಉಸ್ಸೆಂದು ಮುಚ್ಚಿತು.
ಬ್ರಿನ್ ಬಾಟಲಿಯನ್ನು ಸೀಟಿನ ಮೇಲಿಟ್ಟು ಮರೆತಳು,
ತಿರುವಿಗೆ ಅದು ಬಿತ್ತು, ಉರುಳಿತು,
ಬಲಕ್ಕೆ ಹೊರಳಿದರೆ ಎಡಕ್ಕೆ, ಎಡಕ್ಕೆ ಹೊರಳಿದರೆ ಬಲಕ್ಕೆ,
ಕಬ್ಬಿಣದ ಕಾಲುಗಳಿಗೆ ಠಣ್ಣನೆ ಬಡಿಯುತ್ತ.
ಕನ್ನಡಿಯಲ್ಲಿ ಇಪ್ಪತ್ಮೂರು ತಲೆ ಎಣಿಸಿದೆ.
ರೈಲು ಹಳಿ ದಾಟುವ ಮೊದಲು
ಯಾರೋ ಅದನ್ನು ಕಾಲಿಂದ ಒತ್ತಿ ಹಿಡಿದರು.