ಅಕ್ಷರಕ್ಕೆ ಎರಡು ರೂಪಾಯಿ

ಮಸ್ಕಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ತಗಡಿನ ಶೆಡ್ಡು.
ಗೋರಿಗೆ ಉರ್ದು, ಅಡಿಗಲ್ಲಿಗೆ ಕನ್ನಡ,
ಎರಡಕ್ಕೂ ಒಂದೇ ಉಳಿ.

ಅವನು ಮೊದಲು ಬಂದದ್ದು ಲೂನಾದ ಮೇಲೆ,
ಕಾಲಿಗೆ ಹವಾಯಿ ಚಪ್ಪಲಿ, ಕಿಸೆಯಲ್ಲಿ ಮಡಚಿದ ಹಾಳೆ.
ಗೂಳದಿನ್ನಿಗೆ ಬಸ್ ತಂಗುದಾಣ.
ಹದಿನೇಳು ಹೆಸರುಗಳ ಕೆಳಗೆ
ಕಲ್ಲಿನ ಅಂಚಿಗೆ ತಾಗಿಕೊಂಡು
'ಗ್ಯಾನಪ್ಪ ಗೂಳದಿನ್ನಿ, ಸದಸ್ಯರು, ತಾಲೂಕು ಪಂಚಾಯ್ತಿ.'
ಅಕ್ಷರಕ್ಕೆ ಎರಡು ರೂಪಾಯಿ ಆಗ, ಒತ್ತಿಗೆ ಬೇರೆ ಹಿಡಿಯುತ್ತಿರಲಿಲ್ಲ.
ಎಲ್ಲ ಎಣಿಸಿ ಕೊಟ್ಟ ಮೇಲೂ ನಿಂತೇ ಇದ್ದ:
'ಲಾಡ್ಲೇಸಾಬ, ಹೆಸರಿನ ಮುಂದ ಒಂದು ಶ್ರೀ ಹಿಡಿಸತೈತೇನು?'
ಹಿಡಿಸುತ್ತಿರಲಿಲ್ಲ. ರೊಕ್ಕವೂ ಮುಗಿದಿತ್ತು ಅವನ ಹತ್ರ.
ಅಂಚು ಒಡೆಯದಂತೆ ಉಸಿರು ಹಿಡಿದು ಹೊಡೆದೆ.
ಯಾಕೋ ಉಳಿದವಕ್ಕಿಂತ ಒಂದು ನೂಲು ಆಳ ಇಳಿಯಿತು.

ಆಮೇಲೆ ಅವನು ಕಲ್ಲಿನಲ್ಲಿ ಮೇಲೆ ಹತ್ತಿದ್ದನ್ನು
ನನ್ನ ಕೈ ಬಲ್ಲದು.
ಹನ್ನೊಂದನೇ ಸಾಲು, ಪಶು ಆಸ್ಪತ್ರೆ.
ಆರನೇ ಸಾಲು, ಕಾಲುವೆಯ ತೂಬು.
ಮೂರನೇ ಸಾಲಿಗೆ ಬಂದಾಗ ಶಾಸಕ; 'ಸನ್ಮಾನ್ಯ' ಸೇರಿತ್ತು,
ಹಾಳೆ ತರುವವನು ಬೇರೆಯಾಗಿದ್ದ.
ಒಂದು ಶ್ರಾವಣದಲ್ಲಿ ಬಂದ ಹಾಳೆ ಓದಿ ಎಣಿಸಿದೆ:
'ಗಣಿ ಮತ್ತು ಭೂವಿಜ್ಞಾನ ಹಾಗೂ ಪ್ರವಾಸೋದ್ಯಮ ಸಚಿವರು'.
ಹುದ್ದೆಯೊಂದಕ್ಕೇ ಹತ್ತೊಂಬತ್ತು ಅಕ್ಷರ,
ಒಂದೂವರೆ ಇಂಚು, ಬಂಗಾರದ ಬಣ್ಣ.
ಆ ವರ್ಷ ಮಗಳ ಲಗ್ನ ಮಾಡಿದೆ.

ಭಾಷಣ ಯಾವ ಊರಲ್ಲಿರಲಿ, ನಮ್ಮೂರ ಬಂಡೆ ಬರುತ್ತಿತ್ತು:
'ಬಂಗಾರ ಹುಡುಕಲಿಕ್ಕೆ ಬಂದ ಒಬ್ಬ ಇಂಗ್ಲಿಷ್ ದೊರೆ
ಗವಿಯಾಗ ಕಂಡದ್ದೇನು? ಅಶೋಕನ ಅಕ್ಷರ!
ನನ್ನ ಎರಡೂ ಖಾತೆ ಆ ಒಂದು ಕಲ್ಲಿನ್ಯಾಗ ಅದಾವ!'
ಚಪ್ಪಾಳೆ. ನಾನೂ ಹೊಡೆದಿದ್ದೇನೆ, ಹಟ್ಟಿಯಲ್ಲಿ, ಮುದಗಲ್ಲಿನಲ್ಲಿ.

ಮೊಲದ ಗುಡ್ಡದ್ದು ಅವನಿಗೆ ಗೊತ್ತಿದ್ದು ಆಯಿತೋ
ಗೊತ್ತಿಲ್ಲದೆಯೋ, ನಾನು ಹೇಳಲಾರೆ.
ಬೆಳಿಗ್ಗೆ ಒಂದು ಕಡತಕ್ಕೆ ಸಹಿ:
ಗುಡ್ಡ ಇಪ್ಪತ್ತು ವರ್ಷ ಗುತ್ತಿಗೆ, ಬೂದು ಗ್ರಾನೈಟು.
ಸಂಜೆ ಇನ್ನೊಂದಕ್ಕೆ:
ಅದೇ ಗುಡ್ಡದ ನೆತ್ತಿಗೆ 'ಸೂರ್ಯಾಸ್ತ ವೀಕ್ಷಣಾ ಗೋಪುರ',
ಕುಡಿಯುವ ನೀರು, ಎರಡು ಕಲ್ಲುಬೆಂಚು.
ಗೋಪುರದ ಅಡಿಗಲ್ಲಿಗೆ ಚಪ್ಪಡಿ ಬಂತು ಲಾರಿಯಲ್ಲಿ.
ನೀರು ಚಿಮುಕಿಸಿ ನೋಡಿದೆ:
ಕರಿ ಚುಕ್ಕೆ, ನಡುವೆ ಎಳೆಗೆಂಪು ಗೀರು.
ಚಿಕ್ಕಂದಿನಲ್ಲಿ ಅದೇ ಗೀರಿನ ಮೇಲೆ ಜಾರಿ
ಚಡ್ಡಿ ಹರಕೊಂಡವನು ನಾನು.
ಕೆತ್ತಿದೆ. ಕೆಲಸ ಕೆಲಸ.

ತಾರೀಖು ಕೊನೆಗೆ ಹೊಡೆಯುವುದು ನಮ್ಮ ರೂಢಿ,
ಸಾಹೇಬರ ಪ್ರವಾಸ ಬದಲಾಗುತ್ತಿರುತ್ತದೆ.
'ದಿನಾಂಕ' ಎಂಬುದರ ಮುಂದೆ ಅಂಗೈಯಗಲ ಜಾಗ ಬಿಟ್ಟು ಕಾದೆ.
ಆ ವಾರ ಬೆಂಗಳೂರಲ್ಲಿ ಏನೋ ಆಯಿತು.
ಟಿವಿಯಲ್ಲಿ ಹೊಸಬರು ಪ್ರಮಾಣ ತಗೊಂಡರು, ಇವನು ಕಾಣಲಿಲ್ಲ.
ಬಾಕಿ ಯಾರನ್ನು ಕೇಳುವುದು?
ಕಲ್ಲನ್ನು ಬೋರಲು ಹಾಕಿ, ಕೆಳಗೆ ಇಟ್ಟಿಗೆ ಕೊಟ್ಟೆ.
ಗಿರಾಕಿ ಕೂಡಲು ಬೆಂಚಾಯಿತು.

ಮೊನ್ನೆ ಬಂದಿದ್ದ, ಎರಡು ಚುನಾವಣೆ ಸೋತ ಮೇಲೆ.
ಯಾರದೋ ಸ್ಕೂಟಿಯ ಹಿಂದಿನ ಸೀಟಿನಿಂದ ಇಳಿದ.
ತಾಯಿಯ ಸಮಾಧಿಗೆ ಕಲ್ಲು ಬೇಕಿತ್ತು.
ಬೆಂಚಿನ ಮೇಲೆ ಕೂತ; ಕೆಳಗೆ ಏನಿದೆ ನಾನು ಹೇಳಲಿಲ್ಲ.
ಹಾಳೆಯಲ್ಲಿ ಬರೆದು ಕೊಟ್ಟ: 'ದ್ಯಾವಮ್ಮ.'
'ಇಷ್ಟೇನಾ? ಶ್ರೀಮತಿ? ಮಾಜಿ ಸಚಿವರ ತಾಯಿ ಅಂತ?'
'ಬ್ಯಾಡ.'
ಚಹಾ ಕುಡಿದ. ಗೂಳದಿನ್ನಿಯ ಬಸ್ ತಂಗುದಾಣ ಕೇಳಿದ.
ರಸ್ತೆ ಅಗಲ ಮಾಡುವಾಗ ಕೆಡವಿದರು ಅಂದೆ.
ಕಲ್ಲು ಈಗ ಬೋರಿನ ಹತ್ರ, ಅದರ ಮೇಲೆ ಬಟ್ಟೆ ಒಗೆಯುತ್ತಾರೆ,
ಹದಿನೆಂಟೂ ಹೆಸರು ಸಾಬೂನು ತಿಂದಿದೆ,
ಮೂಲೆಯ ಶ್ರೀ ಮಾತ್ರ ಬೆರಳಿಗೆ ಇನ್ನೂ ಸಿಗುತ್ತದೆ.
ಸ್ವಲ್ಪ ಹೊತ್ತು ಉಳಿಯನ್ನೇ ನೋಡಿದ.
'ಅದರ ರೊಕ್ಕ ಕೊಟ್ಟಿದ್ದಿಲ್ಲಲ್ಲ ನಾನು.'
ಕಿಸೆಯಿಂದ ತೆಗೆದದ್ದು ಐನೂರರ ನೋಟು.
'ಚಿಲ್ಲರ ಐತೇನು?'
ಇರಲಿಲ್ಲ.
'ಹಂಗಾರ ಬಾಕಿ ಇರಲಿ.'

ದ್ಯಾವಮ್ಮ. ಮೂರು ಅಕ್ಷರ.
ಸುಣ್ಣದ ಕಡ್ಡಿ ಹುಡುಕಿ ಗೆರೆ ಹಾಕಿಕೊಂಡೆ.