ಎಡಗೈ ಗೀರು

ತಳಿಯಿಂದಾಚೆ, ಬಸ್ಸು ಹಿಂದಕ್ಕೆ ತಿರುಗುವಲ್ಲಿ, ಬಂಡೆಯ ಮೇಲೆ
ಮೋರೇರ ಮನೆಗಳು. ನಾಲ್ಕು ಚಪ್ಪಡಿ, ಮೇಲೊಂದು ಚಪ್ಪಡಿ,
ಮುಂದೊಂದು ದುಂಡನೆ ತೂತು.
ಮೊಳದೆತ್ತರದ ಜನ ಇದ್ದರಂತೆ ಒಳಗೆ,
ಬೆಂಕಿಯ ಮಳೆಗೆ ಹೆದರಿ ಕಲ್ಲು ಹೊದ್ದರಂತೆ.
ಅವರ ಮಡಕೆ ಮಾತ್ರ ನಮ್ಮಷ್ಟೇ ದೊಡ್ಡವು.

ನನ್ನ ಕೆಲಸ ಚಿತ್ರ ಬರೆಯುವುದು.
ನಡುವೆ ಒಂದು ನೆಟ್ಟ ಗೀಟು. ಬಲಕ್ಕೆ ಮಡಕೆಯ ಹೊರಮೈ,
ಎಡಕ್ಕೆ, ಸೀಳಿ ತೋರಿಸಿದಂತೆ, ಅದರ ದಪ್ಪ ಮತ್ತು ಒಳಗು.
ತುಟಿ, ಕಂಠ, ಹೆಗಲು, ಹೊಟ್ಟೆ:
ಮನುಷ್ಯರ ಹೆಸರೇ ಎಲ್ಲಕ್ಕೂ.
ಕೈ ಮಾತ್ರ ಇಲ್ಲ.

ತೊಳೆಯುವವಳು ಸೊಣ್ಣಕ್ಕ.
ಎರಡು ಪ್ಲಾಸ್ಟಿಕ್ ಬೇಸಿನ್ನು, ಹಲ್ಲುಜ್ಜಿ ಬಿಟ್ಟ ಬ್ರಷ್ಷು.
ಮೊದಲ ದಿನವೇ ಬೈಸಿಕೊಂಡಳು:
ಮಸಿ ತಿಕ್ಕಬೇಡಮ್ಮ, ಮಸಿಯೇ ನಮಗೆ ಬೇಕಾದ್ದು.
ಐವತ್ತು ವರ್ಷ ಮಸಿ ತಿಕ್ಕಿದ ಕೈ
ಗಾಳಿಯಲ್ಲಿ ನಿಂತಿತು, ಏನು ಮಾಡಲೆಂದು ತಿಳಿಯದೆ.

ಆಮೇಲೆ ನೋಡತೊಡಗಿದಳು.
"ಇಲ್ಲಿ ನೋಡಿ ಸಾರ್, ಸುತ್ತ ಕರ್ರಗೆ, ಮೂರು ಕಡೆ ತಿಳಿ.
ಮೂರು ಗುಂಡಿನ ಒಲೆ. ಗುಂಡು ತಾಕಿದಲ್ಲಿ ಹೊಗೆ ತಾಕಿಲ್ಲ.
ನಟ್ಟನಡುವೆ ಕೆಂಪು, ಉರಿ ನೇರ ಹೊಡೆದದ್ದು ಅಲ್ಲಿಗೆ.
ಪುಳ್ಳೆಯಲ್ಲ, ಒಳ್ಳೇ ಸೌದೆ."
ಇನ್ನೊಂದನ್ನು ಎತ್ತಿ ಮೂಸಿದಳು,
ಎರಡೂವರೆ ಸಾವಿರ ವರ್ಷದ ಮೇಲೆ ಮೂಸುವುದಕ್ಕೇನಿದೆ!
"ಒಳಗೆಲ್ಲ ಸಿಡುಬಿನ ಕಲೆ. ಹುಳಿ ತಿಂದಿದೆ.
ಅಂಬಲಿ ರಾತ್ರಿಯೆಲ್ಲ ಇದರಲ್ಲೇ ಇರ್ತಿತ್ತು."

ಪೆಟ್ಟಿಗೆ ಹದಿನೇಳು. ಒಂಬತ್ತು ಚೂರು, ಅಂಟಿಸಿದರೆ ಅರ್ಧ ಮಡಕೆ.
ತಳದೊಳಗೆ ಗೀರು, ಗೀರಿನ ಮೇಲೆ ಗೀರು.
ಮೇಲಧಿಕಾರಿ ಪುಗಳೇಂದಿ, ಒಳ್ಳೆಯ ಮನುಷ್ಯ,
ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ
ನಮೂನೆಯ ಕಡೆಯ ಅಂಕಣದಲ್ಲಿ
'ಬಳಕೆ: ಸಡಂಗು' ಎಂದು ಬರೆದರು.
ತಿಳಿಯದ್ದೆಲ್ಲ ನಮಗೆ ದೇವರ ಕೆಲಸ.

ಸೊಣ್ಣಕ್ಕ ಆ ಅರ್ಧವನ್ನು ಪಾದಗಳ ನಡುವೆ ಇಟ್ಟುಕೊಂಡಳು.
ಇಲ್ಲದ ಕವೆಗೋಲನ್ನು ಕಾಲಲ್ಲಿ ಒತ್ತಿ,
ಇಲ್ಲದ ಹಿಟ್ಟಿನಕೋಲನ್ನು ಬಲಗೈಯಲ್ಲಿ ಹಿಡಿದು
ಗಂಟಾಗದಂತೆ ತೊಳಸಿದಳು, ತಳ ಕೆರೆದಳು, ನಿಲ್ಲಿಸಿದಳು.
ಗೀರಿನ ಮೇಲೆ ಬೆರಳಾಡಿಸಿ,
"ಶುರುವಲ್ಲಿ ಆಳ, ಹೋಗ್ತಾ ಹೋಗ್ತಾ ತೆಳು.
ನನ್ನ ಕೈ ಆ ಕಡೆಯಿಂದ ಈ ಕಡೆಗೆ ಬರ್ತದೆ.
ಇದು ಈ ಕಡೆಯಿಂದ ಆ ಕಡೆಗೆ ಹೋಗಿದೆ."
ಕೋಲು ಎಡಗೈಗೆ ಬಂತು.
ಸರಿಯಾಗಿ ಕೂತಿತು.

"ಎಡಚಿ," ಎಂದಳು, ಪಕ್ಕದ ಮನೆಯವಳ ಮಾತಾಡಿದ ಹಾಗೆ.
"ಸೀಯಿಸಿಕೊಂಡಿದ್ದಾಳೆ. ಇಷ್ಟು ಕೆರೆಯಬೇಕಾದರೆ
ಒಂದು ಸಲ ಅಲ್ಲ."

ಪುಗಳೇಂದಿ ನಕ್ಕರು. ಆಮೇಲೆ ನಗಲಿಲ್ಲ.
ಗಂಡಸೂ ಇರಬಹುದಲ್ಲ, ಎಂದರು ತಮಿಳಲ್ಲಿ.
"ಇರಬಹುದು," ಎಂದಳು ಕನ್ನಡದಲ್ಲಿ,
"ಸೀದದ್ದನ್ನ ಇಷ್ಟು ನೀಟಾಗಿ ಕೆರೆಯೋ ಗಂಡಸನ್ನ ನಾನು ಕಂಡಿಲ್ಲ."

ಕೊನೆಗೊಂದು ಬಟ್ಟಲು: ಒಳಗೆ ಕಪ್ಪು, ಹೊರಗೆ ಕೆಂಪು,
ಹುಣಸೆಬೀಜದ ನುಣುಪು. ಮಸಿಯಿಲ್ಲ, ಗೀರಿಲ್ಲ, ಅಂಚು ಸವೆದಿಲ್ಲ.
ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟಳು.
"ಇದನ್ನ ಯಾರೂ ಬಳಸಿಲ್ಲ. ಸತ್ತವರಿಗೇ ಅಂತ ತಂದದ್ದು.
ಹೊಸದು."
ಹೊಸದು ಎಂದು ಬರೆಯಲು ಅಂಕಣವಿರಲಿಲ್ಲ.

ಅವತ್ತು ಎಡ ಅರ್ಧದಲ್ಲಿ ಗೀರುಗಳನ್ನೆಲ್ಲ ಬರೆದೆ,
ಶುರುವಲ್ಲಿ ಪೆನ್ಸಿಲು ಒತ್ತಿ, ತುದಿಯಲ್ಲಿ ಎತ್ತಿ.
ಬಲಗೈಗೆ ಒಗ್ಗದೆ ಹಾಳೆಯನ್ನೇ ತಲೆಕೆಳಗು ಮಾಡಿಕೊಂಡೆ.
ದೇಂಕಣಿಕೋಟೆಯ ಬಾಡಿಗೆ ಕೋಣೆಯಲ್ಲಿ ರಾತ್ರಿ
ಮೊಟ್ಟೆ ಒಡೆದದ್ದು ಅಂಟದ ಬಾಣಲೆಗೆ;
ಹಿಡಿಯ ಮೇಲೆ ಇನ್ನೂ ಕೀಳದ ಚೀಟಿ: ಗೀರಬೇಡಿ.

ಮಾರನೆ ದಿನ ಸೊಣ್ಣಕ್ಕ ಬರಲಿಲ್ಲ.
ಗುಲಾಬಿ ಶೆಡ್ಡಿನಲ್ಲಿ ಕೂಲಿ ನಲವತ್ತು ಹೆಚ್ಚಂತೆ.
ಹದಿನೆಂಟನೆಯ ಪೆಟ್ಟಿಗೆಯನ್ನು ಒಬ್ಬ ಹುಡುಗ ತೊಳೆದ,
ಚೂರು ಚೂರನ್ನೂ ತಿಕ್ಕಿ,
ಬಲು ಚೊಕ್ಕಟವಾಗಿ.