ದೀಪಗಳ ಸದ್ದು

ಬೆಳಕಿಗೆ ಸದ್ದಿದೆ ಎಂದರೆ ನಗುತ್ತೀರಿ.
ಬನ್ನಿ, ಜನತಾ ವಸಾಹತಿನ ಈ ತಗಡಿನ ಮೇಲೆ
ನೀರಿನ ಡ್ರಮ್ಮಿನ ಪಕ್ಕ ಹುಷಾರಾಗಿ ಕೂತು
ಈ ಹೆಡ್‌ಫೋನು ಹಾಕಿಕೊಳ್ಳಿ.

ಬಿಸ್ಕತ್ತಿನ ಹಳೇ ಡಬ್ಬಿ, ಅದರ ಬಾಯಿಗೆ
ಮುದುಕರು ಪೇಪರು ಓದುವ ಪ್ಲಾಸ್ಟಿಕ್ಕಿನ ಭೂತಗನ್ನಡಿ,
ತಳದಲ್ಲಿ ಜೋಳದ ಕಾಳಿನಷ್ಟು ಒಂದು ಕಣ್ಣು.
ಇಷ್ಟೇ ಯಂತ್ರ. ಎತ್ತ ತಿರುಗಿಸಿದರೆ ಅತ್ತ ಕೇಳುತ್ತದೆ.

ಬೀದಿದೀಪ: ಗುಂಯ್.
ಮಿಠಾಯಿ ಅಂಗಡಿಯ ಟ್ಯೂಬು: ಗುಂಯ್, ನಡುವೆ ಒಂದು ಕೆಮ್ಮು.
ಸಿಂಹಗಡ ರಸ್ತೆಯ ಅಷ್ಟೂ ಕಿಟಕಿಗಳು ಸೇರಿ
ಮುಚ್ಚಳ ತೆಗೆದ ಜೇನುಪೆಟ್ಟಿಗೆ.
ಸೆಕೆಂಡಿಗೆ ನೂರು ಸಲ ಕುಗ್ಗಿ ಹಿಗ್ಗುತ್ತವಂತೆ,
ಕಣ್ಣಿಗೆ ತಿಳಿಯದ ಗುಟ್ಟನ್ನು ಕಿವಿ ಹಿಡಿದುಬಿಡುತ್ತದೆ.
ಒಮ್ಮೆ ದೇವರ ಮುಂದಿನ ಹಣತೆಗೆ ಹಿಡಿದೆ.
ಏನೂ ಇಲ್ಲ. ಗಾಳಿ ಬಂದಾಗ ಮಾತ್ರ
ಒದ್ದೆ ಬಟ್ಟೆ ಕೊಡವಿದ ಹಾಗೆ.

ಹದಿನೈದು ಕಿಲೋಮೀಟರು ಆಚೆ, ಗಡದ ಮೇಲೆ
ಮಾಲನ್ ಘೋಲಪ್ ಕೂತಿದ್ದಾಳೆ,
ರಾತ್ರಿಶಾಲೆಯ ಲ್ಯಾಬಿನಲ್ಲಿ ಗಾಜು ತೊಳೆಯುವವಳು,
ಪಿಠ್ಲ ಭಾಕ್ರಿ ಮಾರುವ ಚಿಕ್ಕಮ್ಮನ ಗುಡಿಸಲ ಹಿಂದೆ
ಒಂದು ಕೆಂಪು ಎಲ್‌ಇಡಿ, ಒಂದು ಮೈಕು, ಕಾರಿನ ಬ್ಯಾಟರಿ.
ರೇಡಿಯೋ ಬೇಡ ಎಂದವಳು ಅವಳೇ:
ಅದಕ್ಕೆ ಪರೀಕ್ಷೆ, ಪರವಾನಗಿ, ಸಹಿ.
ಬೆಳಕು ಬಿಡಲು ಯಾರಪ್ಪನನ್ನು ಕೇಳಬೇಕು?
ಮೊಬೈಲು ಇಬ್ಬರ ಹತ್ತಿರವೂ ಇದೆ.
ಮುಟ್ಟಬಾರದೆಂಬುದು ಪಂದ್ಯ.

ಮೂರು ಗುರುವಾರ ಹೋದವು, ನನ್ನ ರಜೆಯ ಮೂರು ದಿನ.
ಕಾಣುತ್ತಾಳೆ, ಎಲ್ಲಿಂದಲೋ ಸಿಡಿದ ಕುಂಕುಮದ ಒಂದು ಕಣ.
ಕೇಳುವುದಿಲ್ಲ.
ಅವಳ ದನಿ ಪುಣೆಯ ಗುಂಯ್‌ಗಾಟದಡಿ
ಮಂಚದ ಕೆಳಗೆ ಉರುಳಿದ ಗುಂಡುಸೂಜಿ.
ತಿರುಪು ಅರ್ಧ ಸುತ್ತಿದರೆ ಗಡವೇ ತಪ್ಪುತ್ತದೆ,
ಕೆಳಗೆ ಶೇವಂತಾ ಕುಕ್ಕರು ಇಳಿಸಿದರೂ ಮಾಲನ್ ಮಾಯ.
ಭೋಸರಿಯ ಲೇತಿನ ಮೇಲೆ ಕೂದಲೆಳೆ ಅಳೆದು ಪಳಗಿದ
ಈ ಕೈಗೂ ಬೆವರು.

ನಾಲ್ಕನೆಯ ರಾತ್ರಿ, ಒಂಬತ್ತೂವರೆ.
ಎಲ್ಲೋ ಒಂದು ಟ್ರಾನ್ಸ್‌ಫಾರ್ಮರು ಢಬ್ ಎಂದಿತು.
ಹಿಂಗಣೆ ಆರಿತು. ಆನಂದನಗರ ಆರಿತು.
ಕಾಲುವೆಯಾಚೆ ಒಂದೊಂದೇ ಓಣಿ, ಕೊನೆಗೆ ನಾವು.
ಗುಡ್ಡದ ಜನವೆಲ್ಲ ಒಂದೇ ದನಿಯಲ್ಲಿ
ಕರೆಂಟಿನವರ ತಾಯಂದಿರನ್ನು ನೆನೆದರು.
ನನ್ನ ಕಿವಿಯಲ್ಲಿ
ಯಾರೋ ಪೆಟ್ಟಿಗೆಗೆ ಮುಚ್ಚಳ ಹಾಕಿದರು.

ಆ ತಳದಲ್ಲಿ, ಸಣ್ಣಗೆ,
"...ಸತ್ರಾ, ಅಠರಾ, ಏಕೋಣೀಸ್..."
ಎಣಿಸುತ್ತಿದ್ದಾಳೆ, ಬೇಸತ್ತ ದನಿ,
ಮೂರು ಗುರುವಾರದಿಂದ ಯಾರೂ ಕೇಳದ ಲೆಕ್ಕ.

ಕೂಗಿಬಿಡೋಣ ಅನ್ನಿಸಿತು. ಯಾರಿಗೆ?
ಈ ದಾರಿ ಒಂದೇ ಕಡೆಗೆ.
ನನಗೆ ಕಿವಿ ಕೊಟ್ಟು ಬಾಯಿ ಅವಳೇ ಇಟ್ಟುಕೊಂಡಿದ್ದಾಳೆ.
ಐದು ಸೆಲ್ಲಿನ ಟಾರ್ಚು ಮಾತ್ರ:
ಒಮ್ಮೆ ಎಂದರೆ ಕೇಳಿತು, ಎರಡು ಸಲ ಎಂದರೆ ಇಲ್ಲ.
ಅದು ಕೈಗೆ ಸಿಗುವ ಮೊದಲೇ
ಮೈಕಿನ ಹಿಂದಿನಿಂದ, ಹಂಚಿನ ಕಾವಿನಿಂದೆದ್ದ
ಇನ್ನೊಂದು ದನಿ:
"ಮಾಲನ್, ಆಧಿ ಜೇವ್! ಭಾಕರೀ ಗಾರ ಝಾಲೀ!"

ಮೊದಲು ಉಣ್ಣು, ರೊಟ್ಟಿ ಆರಿತು.
(ನಮ್ಮ ಅಕ್ಕಲಕೋಟೆಯ ಕನ್ನಡದಲ್ಲಾದರೆ
ಇದಕ್ಕೆ ಇನ್ನೆರಡು ಬೈಗುಳ ಸೇರುತ್ತವೆ.)
ಕೋಟೆ ಇಳಿದು, ಧಾಯರಿ ದಾಟಿ,
ಕತ್ತಲಾದ ಇಷ್ಟು ಮನೆಗಳ ನೆತ್ತಿಯ ಮೇಲಿಂದ
ಬೆಳಕು ಹೊತ್ತು ತಂದ ಮೊದಲ ಸುದ್ದಿ.

ಟಾರ್ಚು ಒಮ್ಮೆ ಒತ್ತಿದೆ.
ಲೆಕ್ಕ ನಿಂತಿತು.
ಮೈಕು ತೆರೆದೇ ಇತ್ತು: ತಟ್ಟೆ ಎಳೆದದ್ದು,
ಮುಷ್ಟಿಯಿಂದ ಉಳ್ಳಾಗಡ್ಡಿ ಗುದ್ದಿದ್ದು,
ಅವಳು ಅಗಿಯುವುದು.

ಕರೆಂಟು ಬರುವ ತನಕ
ಅವಳ ಊಟ ಕೇಳುತ್ತ ಕೂತೆ.